ಹಂಪ್‌ನಿಂದ ಕರೆಂಟು: ಲೆಕ್ಕ ಹಾಕಿ ನೋಡ್ರಿ

ಒಂದು ಟನ್ ತೂಕದ ಕಾರು 10 ಸೆಂ.ಮೀ. ಕೆಳಗಿಳಿದರೆ ಸಿಗುವುದು 980 ಜೌಲ್. ಒಂದು ಯೂನಿಟ್ ಕರೆಂಟು ಅಂದರೆ 36 ಲಕ್ಷ ಜೌಲ್. ರಸ್ತೆ ಹಂಪ್‌ನಿಂದ ಬೀದಿದೀಪ ಉರಿಸುವ ಮಾತು ಬಂದಾಗ ಮೊದಲು ಈ ಎರಡು ಅಂಕಿ ಬರೆದುಕೊಳ್ಳಿ. ಅಲ್ಲಿ ಚಕ್ರ ಹತ್ತಿದಾಗ ಗುಂಡಿಯ ಮೇಲಿನ ಪ್ಲೇಟು ಸ್ಪ್ರಿಂಗ್ ಒತ್ತಿ ಕೆಳಗಿಳಿಯುತ್ತದೆ, ಅದಕ್ಕೆ ಜೋಡಿಸಿದ ಹಲ್ಲುಪಟ್ಟಿ (ರ‍್ಯಾಕ್) ಗೇರು ತಿರುಗಿಸಿ ಡೈನಮೊ ಓಡಿಸುತ್ತದೆ.

ಕಲಬುರಗಿ–ಸೇಡಂ ರಸ್ತೆಯಂಥ ಕಡೆ ದಿನಕ್ಕೆ 5,000 ಕಾರು, 25 ಟನ್ನಿನ 500 ಸಿಮೆಂಟ್ ಲಾರಿ ಅಂತಿಟ್ಟುಕೊಳ್ಳೋಣ. ಎಲ್ಲ ಕೂಡಿ 4.8 ಯೂನಿಟ್. ಗೇರು, ಡೈನಮೊ, ಬ್ಯಾಟರಿ ದಾಟಿ ಶೇ. 40 ಉಳಿದರೂ 1.9 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ದಿನಕ್ಕೆ 13 ರೂಪಾಯಿ. ಗುಂಡಿ, ಕಾಂಕ್ರೀಟು, ಯಂತ್ರಕ್ಕೆ 2 ಲಕ್ಷ ಹಾಕಿದರೆ ರಿಪೇರಿ ಖರ್ಚು ಬಿಟ್ಟೂ ಅಸಲು ಬರಲು 40 ವರ್ಷ.

ಆ ಯಂತ್ರ ಅಷ್ಟು ವರ್ಷ ಬಾಳುವುದಿಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದ ಚಕ್ರ 30 ಸೆಂ.ಮೀ. ಪ್ಲೇಟಿನ ಮೇಲೆ ಇರುವುದು ಸೆಕೆಂಡಿನ ಸುಮಾರು ಇಪ್ಪತ್ತರಲ್ಲಿ ಒಂದು ಭಾಗ. ಅದು ತಳ್ಳುವುದಲ್ಲ, ಸುತ್ತಿಗೆ ಏಟು. ಆ ಏಟನ್ನು ಹಿಡಿದಿಡಲು ಫ್ಲೈವೀಲ್ (ತಿರುಗುವ ಭಾರದ ಚಕ್ರ) ಬೇಕು, ಪ್ಲೇಟು ಮೇಲೇಳುವಾಗ ಡೈನಮೊ ಹಿಂದಕ್ಕೆ ತಿರುಗದಂತೆ ಸೈಕಲ್ಲಿನದರಂಥ ಫ್ರೀವೀಲ್ ಬೇಕು. ಇನ್ನು ಸ್ಪ್ರಿಂಗ್: ಕಾರಿಗೆ ತಕ್ಕ ಮೆದುವಾದದ್ದು ಹಾಕಿದರೆ ಲಾರಿ ಆಕ್ಸಲ್ಲಿನ ಭಾರಕ್ಕೆ ಪ್ಲೇಟು ತಳಕ್ಕೆ ಬಡಿದು ರ‍್ಯಾಕಿನ ಹಲ್ಲು ಮುರಿಯುತ್ತವೆ, ಲಾರಿಗೆ ತಕ್ಕ ಗಟ್ಟಿಯದು ಹಾಕಿದರೆ ಕಾರಿಗೆ ಪ್ಲೇಟು ಕದಲುವುದೇ ಕಷ್ಟ. ಎರಡಕ್ಕೂ ಚೆನ್ನಾಗಿ ಹೊಂದುವ ಸ್ಪ್ರಿಂಗ್ ಸಿಗುವುದು ಕಷ್ಟ.

ನಮ್ಮದು ಎರೆಭೂಮಿ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆ ತೆಗೆದು ಮುರುಮು ತುಂಬಿ ದಮ್ಮಸ್ಸು ಮಾಡದೆ ಕಾಂಕ್ರೀಟು ಹಾಕಿದರೆ ಚೌಕಟ್ಟು ವಾಲಿ ಪ್ಲೇಟು ಸಿಕ್ಕಿಕೊಳ್ಳುತ್ತದೆ. ಗುಂಡಿಯ ನೀರು ಹೊರಹೋಗಲು ಪೈಪಿಲ್ಲದಿದ್ದರೆ ಸಿಮೆಂಟ್ ಧೂಳು ಕೆಸರಾಗಿ ಬೇರಿಂಗಿಗೆ ಮೆತ್ತಿಕೊಳ್ಳುತ್ತದೆ.

ನನಗೆ ನಿಜಕ್ಕೂ ಸಂಕಟವಾಗುವುದು ಇನ್ನೊಂದಕ್ಕೆ. ಈ ಕರೆಂಟು ಪುಕ್ಕಟೆ ಅಲ್ಲ. ಪ್ಲೇಟು ಒತ್ತಲು ಹೋದ ಶಕ್ತಿಯನ್ನು ಎಂಜಿನ್ ಇಂಧನ ಸುಟ್ಟೇ ತುಂಬಿಕೊಡಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಾಖವಿದೆ. ಚಕ್ರಕ್ಕೆ ತಲುಪುವುದು ಎರಡೂವರೆ. ಹಂಪ್ ಅದರಲ್ಲಿ ಒಂದು ಯೂನಿಟ್ ಮಾಡೀತು. 7 ರೂಪಾಯಿಯ ಕರೆಂಟಿಗೆ ಟಂಟಂ ಓಡಿಸುವವರ ಟ್ಯಾಂಕಿನಿಂದ ಒಂದು ಲೀಟರ್ ಡೀಸೆಲ್! ಹೇಗೂ ಬ್ರೇಕ್ ಹಾಕಲೇಬೇಕಾದ ಇಳಿಜಾರಿನಲ್ಲಿ, ಟೋಲ್ ಗೇಟಿನ ಮುಂದೆ ಮಾತ್ರ ಈ ದೂರು ಸಲ್ಲದು. ಬ್ರೇಕಿನಲ್ಲಿ ಹೋಗುವ ಶಕ್ತಿ ಹಿಡಿಯಲು ಸರಿಯಾದ ಜಾಗ ವಾಹನದ ಒಳಗೇ ಇದೆ, ಇ–ಬಸ್ಸಿನ ಮೋಟಾರು ಅದನ್ನೇ ಮಾಡುತ್ತದೆ.

ಆ 1.9 ಯೂನಿಟ್ಟನ್ನು ನಮ್ಮ ಬಿಸಿಲಿಗೆ 540 ವ್ಯಾಟಿನ ಒಂದೇ ಸೋಲಾರ್ ಪ್ಯಾನೆಲ್ ಕೊಡುತ್ತದೆ. ಬೆಲೆ 20 ಸಾವಿರದ ಒಳಗೆ. ಬಸ್ ನಿಲ್ದಾಣದ ಚಾವಣಿಗೆ ಹಾಕಿ, ದಕ್ಷಿಣಕ್ಕೆ ಮುಖಮಾಡಿ. ಸೇಡಂ, ವಾಡಿ ಕಡೆಯಾದರೆ ಸಿಮೆಂಟ್ ಧೂಳು ಇಬ್ಬನಿಗೆ ನೆನೆದು ಗಾಜಿನ ಮೇಲೆ ಗಟ್ಟಿಯಾಗುವ ಮುಂಚೆ ವಾರಕ್ಕೊಮ್ಮೆ ತೊಳೆಯಿರಿ. ಬೆಳಿಗ್ಗೆಯೇ ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಹಾಕಿದರೆ ಸೀಳಬಹುದು.