ಹೆದರಿದ ನಾಯಿಗೆ ತಿಂಡಿ ಕೊಟ್ಟರೆ ಭಯ ಹೆಚ್ಚುತ್ತದೆಯೇ? ಸತ್ಯಾಂಶ ಇಲ್ಲಿದೆ

ದೀಪಾವಳಿ ಹತ್ತಿರ ಬಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: ಪಟಾಕಿಗೆ ಹೆದರಿದ ನಾಯಿಯನ್ನು ಮುದ್ದು ಮಾಡಬೇಡಿ, ತಿಂಡಿ ಕೊಡಬೇಡಿ, ಹೆದರುವುದೇ ಅಭ್ಯಾಸವಾಗುತ್ತದೆ ಅಂತ. ಇದು ತಪ್ಪು. ಪಾಪ, ಮಂಚದ ಕೆಳಗೆ ಸೇರಿಕೊಂಡ ಜೀವವನ್ನು ಹಾಗೇ ಬಿಟ್ಟುಬಿಡಿ ಅನ್ನುವ ಮಾತು ಅಲ್ವಾ ಇದು?

ಕೂರು ಅಂದಾಗ ಕೂರುವುದು ನಾಯಿ ಬೇಕೆಂದೇ ಮಾಡುವ ಕೆಲಸ. ತಿಂಡಿ ಸಿಕ್ಕರೆ ಮತ್ತೆ ಮಾಡುತ್ತದೆ. ನಡುಕ ಹಾಗಲ್ಲ, ಅದು ತಾನಾಗಿಯೇ ಬರುತ್ತದೆ. ಸದ್ದಿನ ಹಿಂದೆಯೇ ಪ್ರತಿಸಲ ರುಚಿಯಾದದ್ದು ಬಂದರೆ ಆ ಸದ್ದಿನ ಭಯವೇ ನಿಧಾನವಾಗಿ ಇಳಿಯುತ್ತದೆ.

ಹಬ್ಬಕ್ಕೆ ಕೆಲವು ವಾರ ಮೊದಲೇ ಶುರು ಮಾಡಿ. ಮೊಬೈಲ್‌ನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ. ಕಿವಿ ನಿಮಿರಿದ ಕೂಡಲೇ ಉಪ್ಪು, ಮಸಾಲೆ ಇಲ್ಲದ ಬೇಯಿಸಿದ ಕೋಳಿ ಚೂರು ಕೊಡಿ. ಸದ್ದು ಮೊದಲು, ತಿಂಡಿ ಆಮೇಲೆ. ತಿನ್ನದಿದ್ದರೆ ಸದ್ದು ಜಾಸ್ತಿಯಾಗಿದೆ ಎಂದರ್ಥ, ಇನ್ನೂ ಇಳಿಸಿ.

ಬೇರೆ ನಾಯಿ ಕಂಡು ಹೆದರಿ ಬೊಗಳುವ ನಾಯಿಗೂ ಇದೇ ದಾರಿ. ಅಲ್ಲಿ ದೂರ ನಿಂತು ಮಾಡಬೇಕು, ಅಷ್ಟೆ. ಬೆಲ್ಟ್ ಜಗ್ಗಿ ಬೈದರೆ ಬೊಗಳುವುದು ನಿಲ್ಲಬಹುದು, ಹೆದರಿಕೆ ಒಳಗೇ ಉಳಿಯುತ್ತದೆ. ಅಮೆರಿಕದಲ್ಲಿ ಪ್ರಾಣಿಗಳ ನಡವಳಿಕೆ ಕುರಿತು ಕೆಲಸ ಮಾಡುವ ಪಶುವೈದ್ಯರ ಸಂಘ 2021ರಲ್ಲಿ ಎಲ್ಲಾ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಶಿಫಾರಸು ಮಾಡಿದೆ.

ನಡುಕ ವಿಪರೀತ ಇದ್ದರೆ ಹಬ್ಬಕ್ಕೆ ಮೊದಲೇ ಪಶುವೈದ್ಯರಿಗೆ ತೋರಿಸಿ. ಭಯ ತಗ್ಗಿಸುವ ಔಷಧಿಗಳೂ ಇವೆ.