ಗೋಡೆಯ ಮೇಲಿನ ಕಲೆ

ನಿನ್ನೆ ಸಂಜೆ ಕೇಳಿದ ಒಂದು ಮಾತು ಇನ್ನೂ ಕಿವಿಯ ಹತ್ತಿರ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿದೆ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಇಲ್ಲ. ಸ್ವಲ್ಪ ಉದ್ದವಾಗುತ್ತದೆ. ತೋಟ, ಅಡಿಕೆ, ಅಪ್ಪ ಎಲ್ಲ ಮತ್ತೆ ಬರುತ್ತಾರೆ. ಕೇಳಿ ಕೇಳಿ ಸಾಕಾದವರು ಈಗಲೇ ಮುಂದಕ್ಕೆ ಸರಿಸಿಬಿಡಿ.

ಪರಿಚಯದ ಹುಡುಗಿಯೊಬ್ಬಳ ಮೊದಲ ಚಿತ್ರಪ್ರದರ್ಶನವಿತ್ತು. 11 ಕ್ಯಾನ್ವಾಸ್‌ಗಳು, ಎಲ್ಲವೂ ಅಮೂರ್ತ, ಅಂದರೆ ಇಂಥದ್ದೇ ಎಂದು ಗುರುತು ಹಿಡಿಯುವ ಆಕಾರವಿಲ್ಲದವು. ಬೂದಿ ಬಣ್ಣ, ಕಾವಿ, ಪಾಚಿಯ ಹಸಿರು, ನಡುನಡುವೆ ಕೆರೆದು ತೆಗೆದಂತೆ ಸುಣ್ಣದ ಬಿಳಿ. ಮೂರು ಚಿತ್ರಗಳು ತುಂಬಾ ಹಿಡಿಸಿದವು, ನಾಲ್ಕೈದು ಹಿಡಿಸಲಿಲ್ಲ, ಉಳಿದವುಗಳ ಮುಂದೆ ಸುಮ್ಮನೆ ನಿಂತಿದ್ದೆ. ಆಗ ಬಂದರು ನಮ್ಮ ಬಡಾವಣೆಯ ಹಿರಿಯರೊಬ್ಬರು. ಒಳ್ಳೆಯ ಮನುಷ್ಯರು, ಮುಖ ಕೆಡಿಸಿಕೊಳ್ಳಲು ಇಷ್ಟವಿಲ್ಲ, ಹಾಗಾಗಿ ಹೆಸರು ಬೇಡ. ಪಕ್ಕದ ಚೀಟಿಯಲ್ಲಿದ್ದ ಬೆಲೆಯನ್ನು ಮೊದಲು ಓದಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕೈ ಹಿಂದೆ ಕಟ್ಟಿಕೊಂಡು ಕೇಳಿದರು: “ಏನಮ್ಮಾ ಇದು?”

ಹುಡುಗಿ, ಪಾಪ, ಎಲ್ಲರೂ ಕೊಡುವ ಉತ್ತರವನ್ನೇ ಕೊಟ್ಟಳು. “ನಿಮಗೇನು ಕಾಣುತ್ತದೆ ಸರ್?” (ಈ ಉತ್ತರದ ಮೇಲೂ ನನಗೆ ಕೋಪವಿದೆ. ಅದು ಆಮೇಲೆ.)

“ನನಗೋ? ಮಳೆಗಾಲದಲ್ಲಿ ನೀರು ಇಳಿದು ಗೋಡೆ ಕಲೆಯಾದ ಹಾಗೆ ಕಾಣುತ್ತದೆ. ನಮ್ಮ ಹಳೆಯ ಮನೆಯ ಬಚ್ಚಲ ಗೋಡೆ ಹೀಗೇ ಇತ್ತು. ಅದಕ್ಕೆ ಯಾರೂ ಕಾಸು ಕೊಡಲಿಲ್ಲ!”

ಸುತ್ತ ನಿಂತವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು, ನಗಲೇಬೇಕಲ್ಲ. ನಾನು ಮಾತ್ರ ನಗಲಿಲ್ಲ ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ನಾನೂ ಹಲ್ಲು ಕಿರಿದೆ. ಸಿಟ್ಟು ಬಂದದ್ದು ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟು ಸಿಕ್ಕಿದ ಮೇಲೆ.

ಅವರ ಮಾತು ತಪ್ಪಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಚಿತ್ರ ನೀರಿಳಿದ ಗೋಡೆಯ ಹಾಗೆಯೇ ಇತ್ತು. ಮೇಲಿನಿಂದ ಒಸರಿ, ಎಲ್ಲೋ ತಡೆದು, ಅಂಚಿನಲ್ಲಿ ಗಾಢವಾಗಿ, ನಡುವೆ ತೆಳುವಾಗಿ ಒಣಗಿದ ಬಣ್ಣ. ಆ ಸಂಜೆ ಅಲ್ಲಿ ಸೇರಿದ್ದವರಲ್ಲಿ ಚಿತ್ರವನ್ನು ಸರಿಯಾಗಿ ಕಂಡವರು ಬಹುಶಃ ಅವರೊಬ್ಬರೇ. ಕಂಡದ್ದನ್ನು ಬೈಗುಳ ಮಾಡಿಬಿಟ್ಟರು. ನೀರಿಳಿದ ಗೋಡೆ ಎಂದರೆ ಸುಂದರವಾಗಿರಲು ಸಾಧ್ಯವೇ ಇಲ್ಲ ಎಂಬುದು ಅವರ ತೀರ್ಮಾನ. ನಮ್ಮ ಭಾಷೆಯಾದರೂ ಉದಾರವಾಗಿದೆ: ಬಿಳಿ ಪಂಚೆಯ ಮೇಲೆ ಗೇರುಹಣ್ಣಿನ ರಸ ಬಿದ್ದರೂ ಕಲೆ, ಕ್ಯಾನ್ವಾಸಿನ ಮೇಲೆ ಬಣ್ಣ ಬಿದ್ದರೂ ಕಲೆ. ಎರಡರ ಮೂಲ ಬೇರೆ ಬೇರೆ ಎಂದು ನಿಘಂಟು ಹಿಡಿದುಕೊಂಡು ಬರಬೇಡಿ, ನನಗೂ ಗೊತ್ತು.

ಗೋಡೆಯ ಕಲೆಯನ್ನು ದಿಟ್ಟಿಸಿ ನೋಡಿ ಎಂದು ಚಿತ್ರಕಾರರಿಗೆ ಹೇಳಿದವನು ಲಿಯೊನಾರ್ಡೊ ಡ ವಿಂಚಿ. 500 ವರ್ಷಗಳ ಹಿಂದೆ, ತನ್ನ ಟಿಪ್ಪಣಿಗಳಲ್ಲಿ. ಕಲೆಯಾದ ಗೋಡೆಯಲ್ಲಿ ಬೆಟ್ಟ, ನದಿ, ಯುದ್ಧ, ವಿಚಿತ್ರ ಮುಖಗಳು ಎಲ್ಲ ಕಾಣುತ್ತವೆ ಎಂದ. ಆದರೆ ಅವನಿಗೂ ಕೊನೆಗೆ ಬೆಟ್ಟವೇ ಬೇಕಿತ್ತು, ಕಲೆ ಬರೀ ಏಣಿ. ಆ ಏಣಿಯ ಮೇಲೆಯೇ ಕುಳಿತು, ಇದೇ ಚೆನ್ನಾಗಿದೆಯಲ್ಲ ಎನ್ನಲು ಇನ್ನೂ 400 ವರ್ಷ ಬೇಕಾಯಿತು.

ಈಗ ಹಿರಿಯರ ಮನೆಯ ಗೃಹಪ್ರವೇಶಕ್ಕೆ ಬನ್ನಿ. ಹೋಳಿಗೆ ಊಟಕ್ಕೆ ಮೊದಲು ನಮ್ಮನ್ನೆಲ್ಲ ಹಾಲ್‌ನಲ್ಲಿ ನಿಲ್ಲಿಸಿ ನೆಲ ತೋರಿಸಿದ್ದರು. ಇಟಲಿಯ ಅಮೃತಶಿಲೆ. “ಈ ಗೆರೆ ಇಲ್ಲಿಂದ ಹೊರಟು ಅಲ್ಲಿ ಹೇಗೆ ಕವಲೊಡೆದಿದೆ ನೋಡಿ, ಮನುಷ್ಯರ ಕೈಯಲ್ಲಿ ಆಗುತ್ತದೆಯೇ?” ನಾವೆಲ್ಲ ಚಪ್ಪಲಿ ಬಿಟ್ಟು ಬಂದ ಪಾದಗಳನ್ನು ಆ ಗೆರೆಯಿಂದ ಆಚೆ ಸರಿಸಿ, ಅಬ್ಬಾ ಎಂದೆವು. ಒಬ್ಬರಾದರೂ “ಏನು ಸರ್ ಇದು, ಆನೆಯೋ ಕುದುರೆಯೋ?” ಎಂದು ಕೇಳಲಿಲ್ಲ. ಅಮೃತಶಿಲೆಯ ಗೆರೆ ಎಂದರೆ ಏನು ಹಾಗಾದರೆ? ಸುಣ್ಣಕಲ್ಲು ಭೂಮಿಯೊಳಗಿನ ಶಾಖಕ್ಕೆ, ಒತ್ತಡಕ್ಕೆ ಸಿಕ್ಕಿ ಅಮೃತಶಿಲೆಯಾಗುವಾಗ ಅದರಲ್ಲಿ ಸೇರಿಕೊಂಡಿದ್ದ ಜೇಡಿಮಣ್ಣು, ಕಬ್ಬಿಣದ ಅಂಶ ಮುಂತಾದ ಕಲ್ಮಶ. ಕಲೆ, ಸ್ವಾಮಿ, ಕಲೆ! ಚದರ ಅಡಿಯ ಲೆಕ್ಕದಲ್ಲಿ ದುಡ್ಡು ಸುರಿದು ಅದನ್ನು ತಂದವರು ಕ್ಯಾನ್ವಾಸಿನ ಮುಂದೆ ನಿಂತು ಕೇಳುತ್ತಾರೆ, ಏನಮ್ಮಾ ಇದು?

ನನ್ನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಆರಿಸಲು ನಾನೂ ಹೆಂಡತಿಯೂ ಜಿಗಣಿಗೆ ಹೋಗಿದ್ದೆವು. ಆಳೆತ್ತರದ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯ ಹುಡುಗ ಮಗ್ಗಿನಲ್ಲಿ ನೀರು ತಂದು ಒಂದೊಂದರ ಮೇಲೂ ಎರಚುತ್ತಿದ್ದ. ನೀರು ಬಿದ್ದ ಕೂಡಲೇ ಸತ್ತಂತಿದ್ದ ಕಲ್ಲಿನೊಳಗಿಂದ ಬಣ್ಣ ಎದ್ದು ಬರುತ್ತಿತ್ತು: ಕಪ್ಪು ಅಲೆ, ಅದರ ಬೆನ್ನಿಗೆ ನಸುಗೆಂಪು ಪಟ್ಟೆ, ನಡುವೆ ಸಕ್ಕರೆಯಂಥ ಹರಳು. ನಾನು ಒಂದು ಚಪ್ಪಡಿಗೆ ಸೋತುಹೋದೆ. ಅವಳು ತಲೆ ಓರೆ ಮಾಡಿ ನೋಡಿದಳು. “ಇದು ಬೇಡ.”

“ಯಾಕೆ?”

“ಮೂಲೆಯಲ್ಲಿ ನೋಡಿ, ಗಡ್ಡದ ಮುದುಕನ ಮುಖ. ದಿನಾ ದೋಸೆ ಹುಯ್ಯುವಾಗ ಈತನ ಮುಖ ನೋಡಬೇಕೇ?”

ಅವಳು ತೋರಿಸಿದ ಮೇಲೆ ನನಗೂ ಮುದುಕ ಬಿಟ್ಟರೆ ಬೇರೇನೂ ಕಾಣದಾಯಿತು. ಆ ಚಪ್ಪಡಿ ಅಲ್ಲಿಯೇ ಉಳಿಯಿತು. ಏನನ್ನೂ ಹೋಲದ ಇನ್ನೊಂದನ್ನು ಚದರ ಅಡಿಗೆ 180 ರೂಪಾಯಿಯಂತೆ ತಂದೆವು. ಕಲ್ಲಿನ ಮೇಲೆ ಏನಾದರೂ ಕಂಡರೆ ದೋಷ, ಕ್ಯಾನ್ವಾಸಿನ ಮೇಲೆ ಏನೂ ಕಾಣದಿದ್ದರೆ ದೋಷ! ಇದು ಯಾವ ನ್ಯಾಯ? ನಿನ್ನೆ ರಾತ್ರಿ ಮಲಗಿಕೊಂಡು ಇದೊಂದನ್ನೇ ತಿರುವಿ ಹಾಕಿದೆ.

ಲಾಲ್‌ಬಾಗಿನ ಬಂಡೆ ಎಲ್ಲರಿಗೂ ಗೊತ್ತು, ಕೆಂಪೇಗೌಡರ ಗೋಪುರ ಇರುವುದು ಅದರ ನೆತ್ತಿಯ ಮೇಲೆ. 300 ಕೋಟಿ ವರ್ಷದ ಆಸುಪಾಸಿನ, ‘ನೈಸ್’ ಎಂಬ ಪಟ್ಟೆಪಟ್ಟೆಯ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಬೋರ್ಡು ಕೂಡ ಇದೆ. ಬೆಳಗಿನ ವಾಕಿಂಗ್ ಮುಗಿಸಿದವರು ಅದರ ಮೇಲೆ ಕುಳಿತು ರಾಜಕೀಯ ಮಾತನಾಡುತ್ತಾರೆ. ಕಾಲ ಕೆಳಗೆ ಬಿಳಿ ಪಟ್ಟೆ, ಕಪ್ಪು ಪಟ್ಟೆ ಹಿಟ್ಟು ನಾದಿದ ಹಾಗೆ ಮಡಿಚಿಕೊಂಡಿವೆ. ಬಿಳಿಯದು ಬೆಣಚು, ಫೆಲ್ಡ್‌ಸ್ಪಾರ್. ಕಪ್ಪು ಅಭ್ರಕದ ಜಾತಿ. ಬಿಸಿಯಲ್ಲಿ, ಒತ್ತಡದಲ್ಲಿ ತಮ್ಮ ತಮ್ಮವರನ್ನು ಹುಡುಕಿಕೊಂಡು ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತಿವೆ. ಇದು ಹೇಗಾಯಿತು ಎಂದು ಕೇಳಬಹುದು, ಉತ್ತರವಿದೆ. ಇದು ಯಾವುದರ ಚಿತ್ರ ಎಂದು ಕೇಳಿದರೆ ಬಂಡೆ ಪಾಪ ಏನು ಹೇಳೀತು?

ಅದಕ್ಕೇ ನನಗೆ ಆ ಹುಡುಗಿಯ ಉತ್ತರದ ಮೇಲೆ ಕೋಪ. “ನಿಮಗೇನು ಕಾಣುತ್ತದೆ” ಎಂದ ತಕ್ಷಣ ಚಿತ್ರ ಒಗಟಾಗಿಬಿಡುತ್ತದೆ, ಬಿಡಿಸಲಾಗದವರು ಅವಮಾನವಾಗಿ ತಮಾಷೆ ಮಾಡುತ್ತಾರೆ. “ಇದು ಚಿತ್ರ ಸರ್. ಆರು ಪದರ ಬಣ್ಣ ಹಾಕಿದೆ, ಮೂರನ್ನು ಮರಳು ಕಾಗದದಿಂದ ಉಜ್ಜಿ ತೆಗೆದೆ” ಎಂದಿದ್ದರೆ ಹಿರಿಯರು ಖಂಡಿತ ಹತ್ತಿರ ಬಂದು ನೋಡುತ್ತಿದ್ದರು. ಮನೆ ಕಟ್ಟಿಸಿದವರು, ಉಜ್ಜುವ ಕೆಲಸದ ಬೆಲೆ ಗೊತ್ತಿದೆ.

ಈಗ ತೋಟ. (ಎಚ್ಚರಿಸಿದ್ದೆ.) ಅಪ್ಪ ಸುಲಿದ ಚಾಲಿ (ಬಿಸಿಲಿಗೆ ಒಣಗಿಸಿದ) ಅಡಿಕೆಯ ರಾಶಿಯ ಮುಂದೆ ಕುಳಿತು, ಒಂದನ್ನು ಎತ್ತಿ ಅಡಕತ್ತರಿಯಲ್ಲಿ ಕಟಕ್ಕೆಂದು ಎರಡು ಹೋಳು ಮಾಡಿ, ಬೆಳಕಿಗೆ ಹಿಡಿಯುತ್ತಿದ್ದರು. ಬಿಳಿ ತಿರುಳಿನೊಳಕ್ಕೆ ಅಂಚಿನಿಂದ ಕಂದು ಗೆರೆಗಳು ಬೇರಿನ ಹಾಗೆ ಇಳಿದಿರುತ್ತವೆ. ಬೀಜದ ಸಿಪ್ಪೆಯೇ ಒಳಕ್ಕೆ ಮಡಿಚಿಕೊಂಡು ಹೋದದ್ದು ಅದು. ಒಂದು ಅಡಿಕೆಯ ಹಾಗೆ ಇನ್ನೊಂದಿಲ್ಲ. ಅಪ್ಪ ನೋಡುತ್ತಿದ್ದದ್ದು ಗುಣಮಟ್ಟ: ಇದು ಪಟೋರ ಎಂಬ ದರ್ಜೆಗೆ ಹೋಗುತ್ತದೆಯೋ, ಕರಿಗೋಟು ಎಂಬ ದರ್ಜೆಗೆ ಹೋಗುತ್ತದೆಯೋ. ಆದರೆ ಅದಕ್ಕೆ ಒಂದು ಕ್ಷಣ ಸಾಕಾಗಿತ್ತು, ಅವರು ನೋಡುತ್ತಿದ್ದದ್ದು ಮೂರು ಕ್ಷಣ. ಆ ಹೆಚ್ಚಿನ ಎರಡು ಕ್ಷಣ ಯಾಕೆ ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಇನ್ನು ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮರದ ತುದಿಯಲ್ಲಿ ಕುಳಿತವನು ಗೊನೆಗೆ ಸಿಂಪಡಿಸಿದರೆ ಕೆಳಗೆ ಇಡೀ ತೋಟಕ್ಕೆ ನೀಲಿ ಮಳೆ. ಕಾಂಡಗಳ ಮೇಲೆ ಮೊದಲೇ ಕಲ್ಲುಹೂವಿನ ಬೂದು ಬಿಳಿ ತೇಪೆಗಳು, ಅವುಗಳ ಮೇಲೆ ನೀಲಿ ಹನಿ, ನೀಲಿ ಸೋರಿಕೆ. ಮದ್ದು ಬಿಡುವವರ ಅಂಗಿಯನ್ನು ಹತ್ತು ವರ್ಷ ಯಾರೂ ಬದಲಿಸುತ್ತಿರಲಿಲ್ಲ. ನಮ್ಮ ಕೊಟ್ಟಿಗೆಯ ಗಳದ ಮೇಲೆ ತೂಗುತ್ತಿದ್ದ ಅಂಥ ಒಂದು ಅಂಗಿ ನಾನು ಕಂಡ ಮೊದಲ ಅಮೂರ್ತ ಚಿತ್ರ. ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಣ್ಣ ಸುರಿಯುವ ಫೋಟೊ ನೋಡಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ನಿಸರ್ಗವನ್ನು ನೋಡಿ ಚಿತ್ರ ಬರೆ ಎಂದು ಹಿರಿಯ ಕಲಾವಿದ ಹಾನ್ಸ್ ಹಾಫ್‌ಮನ್ ಬುದ್ಧಿ ಹೇಳಿದಾಗ ಪೊಲಾಕ್ “ನಾನೇ ನಿಸರ್ಗ” ಎಂದನಂತೆ. ಅಹಂಕಾರದ ಮಾತು, ಒಪ್ಪುತ್ತೇನೆ. ಆದರೆ ಬಣ್ಣ ಬೀಳುವುದು ಅದೇ ಗುರುತ್ವಕ್ಕೆ, ಒಣಗುವುದು ಅದೇ ಗಾಳಿಗೆ. 1999ರಲ್ಲಿ ಒಬ್ಬ ಭೌತವಿಜ್ಞಾನಿ ಪೊಲಾಕ್ ಚಿತ್ರಗಳಲ್ಲಿ ಮರ, ಮೋಡಗಳಲ್ಲಿ ಕಾಣುವಂಥ ಫ್ರ್ಯಾಕ್ಟಲ್ (ದೊಡ್ಡ ಆಕಾರದೊಳಗೆ ಅದೇ ಬಗೆಯ ಚಿಕ್ಕದು ಮರುಕಳಿಸುವ) ವಿನ್ಯಾಸವಿದೆ ಎಂದು ಪ್ರಕಟಿಸಿದರು, ಆಮೇಲೆ ಬೇರೆಯವರು ತಕರಾರು ತೆಗೆದರು. ನಡೆಯಲಿ. ಚಿತ್ರ ನೋಡಲು ನನಗೆ ಪ್ರಯೋಗಶಾಲೆಯ ಸರ್ಟಿಫಿಕೇಟ್ ಬೇಡ.

ಕೇಳುವವರು ಕೇಳುತ್ತಾರೆ: ಬಂಡೆಗೆ ಉದ್ದೇಶವಿಲ್ಲ, ಚಿತ್ರಕಾರನಿಗೆ ಇದೆ, ಉದ್ದೇಶ ಇದ್ದವನನ್ನು ಪ್ರಶ್ನಿಸಬಾರದೇ? ಬಂಡೆ ಮೋಸ ಮಾಡುವುದಿಲ್ಲ, ಮನುಷ್ಯ ಮಾಡುತ್ತಾನೆ ಎಂದೂ ಹೇಳುತ್ತಾರೆ. ಸರಿ, ಮೋಸಗಾರರಿದ್ದಾರೆ. ಸೋಫಾ ಬಣ್ಣಕ್ಕೆ ಹೊಂದುವಂತೆ ಅಳತೆ ಕೊಟ್ಟು ಮಾಡಿಸಿದ “ಅಮೂರ್ತ”ಗಳನ್ನು ಎಷ್ಟು ಹೋಟೆಲುಗಳಲ್ಲಿ ನೋಡಿಲ್ಲ? ಆದರೆ ಗಣಪತಿಯ ಚಿತ್ರ ಬರೆಯುವವರಲ್ಲಿ ಮೋಸಗಾರರಿಲ್ಲವೇ? ಅಲ್ಲಿ ಸೊಂಡಿಲು ಇದ್ದರೆ ಸಾಕು, ನಾವು ತನಿಖೆ ಮುಗಿಸಿಬಿಡುತ್ತೇವೆ. “ನನ್ನ ಮೊಮ್ಮಗನೂ ಮಾಡುತ್ತಾನೆ” ಎನ್ನುವವರಿಗೆ ನನ್ನ ಉತ್ತರ ಒಂದೇ. ಮಾಡಲಿ, ಕಾಗದ ಕಿತ್ತುಕೊಳ್ಳಬೇಡಿ.

ಉದ್ದೇಶ ಎಂದಾಗ ನೆನಪಾಗುವುದು ಮಾಂಡ್ರಿಯಾನ್. ನೆದರ್ಲೆಂಡ್ಸಿನ ಈತ 1908ರ ಸುಮಾರಿಗೆ ಒಂದು ಕೆಂಪು ಮರ ಬರೆಯುತ್ತಾನೆ. ಕೊಂಬೆ ಕೊಂಬೆಯೂ ಲೆಕ್ಕಕ್ಕೆ ಸಿಗುತ್ತದೆ. 1911ರ ಬೂದು ಮರದಲ್ಲಿ ಕೊಂಬೆಗಳ ನಡುವಿನ ಖಾಲಿ ಜಾಗವೂ ಕೊಂಬೆಯಷ್ಟೇ ಗಟ್ಟಿಯಾಗುತ್ತದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಬಾಗಿದ ಗೆರೆಗಳು ಮಾತ್ರ. ಅಲ್ಲಿಂದ ಮುಂದೆ ನಾವೆಲ್ಲ ಕಂಡಿರುವ ಕಪ್ಪು ಗೆರೆ, ಕೆಂಪು ಹಳದಿ ನೀಲಿ ಚೌಕಗಳು. ನಾಲ್ಕೈದು ವರ್ಷ ಒಂದು ಮರವನ್ನೇ ಹಿಡಿದುಕೊಂಡು ಕುಳಿತ ಮನುಷ್ಯನನ್ನು ನಾವು ಗೆರೆ ಎಳೆಯುವವನು ಎಂದು ಗೇಲಿ ಮಾಡುತ್ತೇವೆ. ತಮಾಷೆಯೆಂದರೆ ಕೊನೆಗೆ ಆತನಿಗೆ ಹಸಿರೇ ಆಗದೆ, ತನ್ನ ಕೋಣೆಯಲ್ಲಿದ್ದ ಕೃತಕ ಟ್ಯುಲಿಪ್ ಹೂವಿನ ಎಲೆಗೂ ಬಿಳಿ ಬಣ್ಣ ಬಳಿದಿದ್ದ ಎನ್ನುತ್ತಾರೆ.

ನಮ್ಮ ಚಿತ್ರಕಾರ ಎಸ್. ಎಚ್. ರಜಾ ಬೇರೆಯೇ. 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾದಲ್ಲಿ ಹುಟ್ಟಿದವರು, ಅಪ್ಪ ಅರಣ್ಯ ಇಲಾಖೆಯವರು. ಮನಸ್ಸು ನಿಲ್ಲದ ಹುಡುಗನಿಗೆ ಶಾಲೆಯ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಇದನ್ನೇ ನೋಡುತ್ತಾ ಕುಳಿತುಕೋ ಎಂದರಂತೆ. ಅದೇ ಮುಂದೆ ಅವರ ಚಿತ್ರಗಳ ಬಿಂದುವಾಯಿತು. ಗೋಡೆಯ ಮೇಲಿನ ಚುಕ್ಕೆ! ಮತ್ತೆ ಗೋಡೆಯೇ. ಆ ಹುಡುಗ “ಏನು ಸರ್ ಇದು?” ಎಂದು ಕೇಳಿ ನಕ್ಕಿದ್ದರೆ ನಮಗೆ ರಜಾ ಸಿಗುತ್ತಿರಲಿಲ್ಲ. ಇನ್ನೊಬ್ಬ ಚಿತ್ರಕಾರ ವಿ. ಎಸ್. ಗಾಯ್ತೊಂಡೆಯವರಿಗಂತೂ ಅಮೂರ್ತ ಎಂಬ ಪದವೇ ಹಿಡಿಸುತ್ತಿರಲಿಲ್ಲ. ರೋಲರ್, ಬಣ್ಣ ಕೆರೆಯುವ ಚಾಕು ಹಿಡಿದು ಪದರದ ಮೇಲೆ ಪದರ ಹಾಕಿ, ತೆಗೆದು, ವರ್ಷಕ್ಕೆ ಬೆರಳೆಣಿಕೆಯ ಚಿತ್ರ ಮುಗಿಸುತ್ತಿದ್ದವರು. ಅವರ ಚಿತ್ರವೊಂದರ ಮುಂದೆ ಮೊದಲ ಸಲ ನಿಂತಾಗ ನಾನು ಮಾಡಿದ್ದೇನು ಗೊತ್ತೇ? ಪಕ್ಕದ ಚೀಟಿ ಓದಿದೆ. ಅದರಲ್ಲಿ ಶೀರ್ಷಿಕೆಯೇ ಇರಲಿಲ್ಲ ಎಂದು ಬೇಜಾರಾಗಿ ಮುಂದಕ್ಕೆ ಹೋದೆ. ಹಿರಿಯರಾದರೂ ಬಾಯಿಬಿಟ್ಟು ಕೇಳಿದರು. ನನಗೆ ಆ ಧೈರ್ಯವೂ ಇರಲಿಲ್ಲ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಇವತ್ತು ಬೆಳಿಗ್ಗೆ ಕಾಫಿಗೆ ಹಾಲಿಟ್ಟು, ಇದನ್ನೆಲ್ಲ ಮನಸ್ಸಿನಲ್ಲೇ ಬರೆಯುತ್ತಾ, ಕಟ್ಟೆ ಒರೆಸುತ್ತಿದ್ದೆ. ಏನನ್ನೂ ಹೋಲುವುದಿಲ್ಲ ಎಂದು ಆರಿಸಿ ತಂದ ಅದೇ ಗ್ರಾನೈಟ್. ಒದ್ದೆ ಬಟ್ಟೆ ಹೋದ ಕಡೆ ಕಲ್ಲು ಹೊಳೆಯಿತು. ಒಲೆಯ ಎಡಗಡೆ, ಸ್ಪಷ್ಟವಾಗಿ, ಎರಡು ಕೊಂಬು, ಒಂದು ಉದ್ದ ಮೂತಿ. ಎಮ್ಮೆ! ಮೂರು ವರ್ಷ ಇಬ್ಬರಿಗೂ ಕಾಣದೇ ಇದ್ದದ್ದು. ಈಗ ಅಡುಗೆಮನೆಗೆ ಹೋದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿದೆ. ಸದ್ಯಕ್ಕೆ ಅದರ ಮೇಲೆ ಉಪ್ಪಿನ ಭರಣಿ ಇಟ್ಟಿದ್ದೇನೆ. ಹೆಂಡತಿ ಇದನ್ನು ಓದುವುದು ಮಧ್ಯಾಹ್ನ ಊಟವಾದ ಮೇಲೆ.