ಮೀನಖಂಡದ ನೋವನ್ನೆಲ್ಲ ಸೆಳೆತ ಅನ್ನಬೇಡಿ

ಓಟದ ನಡುವೆ ಮೀನಖಂಡ ಹಿಡಿದುಕೊಂಡರೆ ನಿಂತು, ಕಾಲು ಎಳೆದು, ಮತ್ತೆ ಓಡಿ ಎಂಬ ಸಲಹೆ ಓಟಗಾರರಿಗೆ ಸಿಗುವುದುಂಟು. ಸೆಳೆತಕ್ಕೆ ಅದು ಸರಿ. ಸ್ನಾಯು ಹರಿದಿದ್ದರೆ ಅದೇ ಸಲಹೆ ಗಾಯವನ್ನು ದೊಡ್ಡದು ಮಾಡುತ್ತದೆ. ಸೆಳೆತದಲ್ಲಿ ಸ್ನಾಯು ಗಟ್ಟಿಯಾಗಿ ಗಂಟು ಕಟ್ಟುತ್ತದೆ, ಪಾದವನ್ನು ಮೇಲಕ್ಕೆ ಮಡಚಿ ಹಿಡಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸಡಿಲವಾಗುತ್ತದೆ. ಹರಿದಾಗ ಹಿಂದಿನಿಂದ ಯಾರೋ ಕಲ್ಲು ಬೀಸಿದಂತೆ ಒಮ್ಮೆಲೇ ಏಟು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ತುದಿಗಾಲಲ್ಲಿ ನಿಲ್ಲಲು ಹೋದರೆ ಇನ್ನೂ ಜೋರು. ಆಗ ಓಟ ಅಲ್ಲಿಗೇ ಮುಗಿಯಿತು, ಗುರಿ ಎರಡೇ ಕಿಲೋಮೀಟರ್ ಇದ್ದರೂ.

ಮೊದಲ ಎರಡು-ಮೂರು ದಿನ ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರಕ್ಕೆ, ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ. ಮಸಾಜ್, ಶಾಖ ಬೇಡ, ಒಳಗೆ ರಕ್ತಸ್ರಾವ ಹೆಚ್ಚಬಹುದು. (ಓಟ ಮುಗಿದ ಕೂಡಲೇ ಕಾಲು ಉಜ್ಜಿಸಿಕೊಳ್ಳಲು ಸಾಲು ನಿಲ್ಲುವವರು ಗಮನಿಸಿ.) ಎರಡೂ ಶೂಗಳಲ್ಲಿ ಹಿಮ್ಮಡಿಯಡಿ ಸುಮಾರು 1 ಸೆಂ.ಮೀ. ಪ್ಯಾಡ್ ಇಟ್ಟರೆ ನಡೆಯುವಾಗ ಎಳೆತ ಕಡಿಮೆ.

ನೋವು ಹೋಯಿತೆಂದು ಓಡತೊಡಗಿದವರಿಗೇ ಮತ್ತೆ ಹರಿಯುವುದು. ಮೊದಲು ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, 15ರಂತೆ 3 ಸುತ್ತು. ಆಮೇಲೆ ಒಂಟಿ ಕಾಲಲ್ಲಿ. ಮಂಡಿ ಮಡಚಿಯೂ ಮಾಡಿ, ಇಲ್ಲದಿದ್ದರೆ ಒಳಪದರದ ಸೋಲಿಯಸ್ ಸ್ನಾಯುವಿಗೆ ಕೆಲಸ ಸಾಲದು. ಒಂಟಿ ಕಾಲಲ್ಲಿ ನೋವಿಲ್ಲದೆ 20–25 ಬಂದ ಮೇಲೆ 1 ನಿಮಿಷ ಓಟ, 1 ನಿಮಿಷ ನಡಿಗೆ.

‘ಟಪ್’ ಎಂದು ಸದ್ದಾಗಿ ಹಿಮ್ಮಡಿ ಎತ್ತಲಾಗದಿದ್ದರೆ ಅಕಿಲಿಸ್ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು) ತುಂಡಾಗಿರಬಹುದು, ಅದೇ ದಿನ ಆಸ್ಪತ್ರೆ. ಕಾಲು ಊದಿ, ಬಿಸಿಯಾಗಿ, ನೋವು ಏರುತ್ತಲೇ ಇದ್ದರೂ ಅಷ್ಟೇ: ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು.